ವನಜಾ ಡಾಕ್ಟರ ಕ್ಲಿಪ್ಪು

ಪ್ಲಾಸ್ಟಿಕ್ ಸರ್ಜನ್ ಎಂದರೆ ಸಿನಿಮಾದವರ ಮೂಗು ತಿದ್ದುವವರು ಎಂದು ಚಿಕ್ಕಬಾಣಾವರದ ನೆಂಟರೆಲ್ಲ ನಂಬಿಕೊಂಡಿದ್ದರು. ವನಜಾಳ ಅಪ್ಪ ಚಿಕ್ಕಬೈರಪ್ಪನವರೂ ಅಷ್ಟೇ, ‘ಅದೇನೋ ಪ್ಲಾಸ್ಟಿಕ್ಕಂತೆ’ ಎನ್ನುತ್ತಿದ್ದರು. ರಾಗಿ ಹೊಲದಲ್ಲಿ ಶೆಡ್ಡು ಕಟ್ಟಿಸಿ, ಅದರ ಬಾಡಿಗೆಯಲ್ಲಿ ಮಗಳನ್ನು ಓದಿಸಿದವರು ಅವರು. ಎಂಬಿಬಿಎಸ್, ಆಮೇಲೆ ಸರ್ಜರಿ, ಅದರ ಮೇಲೆ ಪ್ಲಾಸ್ಟಿಕ್ ಸರ್ಜರಿ. ಅಷ್ಟೆಲ್ಲ ಓದಿ ಅವಳು ಸೇರಿದ್ದು ಪೀಣ್ಯದ ಒಂದು ಪುಟ್ಟ ನರ್ಸಿಂಗ್ ಹೋಮಿಗೆ. ಅಲ್ಲಿಗೆ ಮೂಗು ತಿದ್ದಿಸಿಕೊಳ್ಳಲು ಒಂದು ನರಪಿಳ್ಳೆಯೂ ಬರಲಿಲ್ಲ. ಬಂದದ್ದೆಲ್ಲ ಸುತ್ತಲಿನ ಫ್ಯಾಕ್ಟರಿಗಳ ಪವರ್ ಪ್ರೆಸ್ಸಿಗೆ ಸಿಕ್ಕಿದ ಕೈಗಳು. ಮೊದಮೊದಲು ಅವಳಿಗೆ ಊಟ ಸೇರುತ್ತಿರಲಿಲ್ಲ. ಆಮೇಲಾಮೇಲೆ ಸೇರಿತು.

ತುಂಡಾದ ಬೆರಳನ್ನು ಮತ್ತೆ ಕೂಡಿಸಬೇಕಾದರೆ ದಾರದಷ್ಟು ಸಣ್ಣ ರಕ್ತನಾಳಗಳನ್ನು ಹೊಲಿಯಬೇಕು. ಎದುರಿನ ಹೊಲಿಗೆ ಮುಗಿದ ಮೇಲೆ, ಹಿಂಬದಿಯನ್ನೂ ಹೊಲಿಯಲು ನಾಳವನ್ನು ಮಗುಚಿ ಹಿಡಿಯುವ ಇನ್ನೊಬ್ಬ ಡಾಕ್ಟರು ಬೇಕು, ಆ ನರ್ಸಿಂಗ್ ಹೋಮಿನಲ್ಲಿ ಇನ್ನೊಬ್ಬರು ಎಲ್ಲಿ ಬರಬೇಕು? ವನಜಾ ತಲೆ ಕೆಡಿಸಿಕೊಂಡು, ಲೇತ್ ಶೆಡ್ಡುಗಳಿಗೆ ಅಲೆದು, ನಾಳದ ಎರಡೂ ತುದಿ ಕಚ್ಚಿಕೊಂಡು ಬೆರಳಿನಿಂದ ತಟ್ಟಿದರೆ ತಾನೇ ಮಗುಚಿಕೊಳ್ಳುವ ಒಂದು ಕ್ಲಿಪ್ಪು ಮಾಡಿಸಿದಳು. ಅಕ್ಕಿಕಾಳಿಗಿಂತ ತುಸು ದೊಡ್ಡದು. ಎಷ್ಟೋ ಬೆರಳುಗಳು ಅದರಿಂದ ಉಳಿದವು. ಬೇರೆ ಊರಿನ ಡಾಕ್ಟರುಗಳೂ ಕೇಳಿ ತರಿಸಿಕೊಂಡರು.

ಎರಡು ಸಾವಿರದ ಒಂಬತ್ತರಲ್ಲಿ, ಹತ್ತಿರದ ಒಂದು ಫ್ಯಾಕ್ಟರಿಯಿಂದ ಬಸಲಿಂಗ ಎಂಬ ಹುಡುಗನ ತುಂಡಾದ ಹೆಬ್ಬೆರಳು ಬಂತು. ತಂದವನು ಅವನ ಸೋದರಮಾವ ದ್ಯಾಮಣ್ಣ. ಬಾಗಲಕೋಟೆ ಕಡೆಯವನು, ಅದೇ ಫ್ಯಾಕ್ಟರಿಯಲ್ಲಿ ಮೇಸ್ತ್ರಿ. ಊಟದ ಡಬ್ಬಿ ತೊಳೆದು, ಹೋಟೆಲಿನಲ್ಲಿ ಐಸು ಬೇಡಿ ತಂದು, ಅದರೊಳಗೆ ಬೆರಳು ಹೂತು, ಟ್ರಾಫಿಕ್ಕಿನಲ್ಲಿ ಆಟೋ ಬಿಟ್ಟು ಓಡಿ ಬಂದಿದ್ದ.

ಮುಚ್ಚಳ ತೆಗೆದ ಕೂಡಲೇ ವನಜಾಗೆ ಗೊತ್ತಾಯಿತು. ಬೆರಳಿಗೆ ಐಸು ತಾಗಬಾರದು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನು ಐಸಿನ ಮೇಲಿಡಬೇಕು. ಇದು ಹೆಪ್ಪುಗಟ್ಟಿ ಬಿಳಿಚಿಕೊಂಡಿತ್ತು. ಆದರೂ ಕೂತು ಹೊಲಿದಳು. ಕ್ಲಿಪ್ಪು ಹೇಳಿದಂತೆ ಮಗುಚಿತು, ಹೊಲಿಗೆ ಚೆನ್ನಾಗಿಯೇ ಬಿತ್ತು, ರಕ್ತ ಮಾತ್ರ ಹರಿಯಲಿಲ್ಲ.

ಹೊರಗೆ ದ್ಯಾಮಣ್ಣ ಬಾಗಿಲಿಗೇ ಅಂಟಿಕೊಂಡಿದ್ದ. ಬೆರಳು ಉಳಿಯಲಿಲ್ಲ ಎಂದು ಕೇಳಿದ್ದೇ ಅವಳನ್ನು ತಡೆದ. “ನಾ ತಂದದ್ದು ಬರೋಬ್ಬರಿ ಇತ್ತೇನ್ರಿ ಮೇಡಂ? ನಮ್ಮಕ್ಕಗ ಏನ್ ಹೇಳ್ಲಿ? ಅವನ್ನ ಊರಿಂದ ಕರಕೊಂಡು ಬಂದಾಂವ ನಾನ.”

ಅವನ ಮುಖ ನೋಡಿ ವನಜಾಗೆ ಅಯ್ಯೋ ಅನ್ನಿಸಬೇಕಿತ್ತು. ಏನೂ ಅನ್ನಿಸಲಿಲ್ಲ, ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು. ನಿಜ ಹೇಳಿದರೆ ಅವನು ಅಳುತ್ತಾನೆ, ಅಷ್ಟು ಹೊತ್ತು ನಿಲ್ಲಬೇಕಾಗುತ್ತದೆ. “ಸರಿಯಾಗೇ ತಂದ್ರಿ ದ್ಯಾಮಣ್ಣ. ನಿಮ್ಮ ತಪ್ಪೇನಿಲ್ಲ,” ಎಂದು ಹೊರಟುಬಿಟ್ಟಳು. ಸಮಾಧಾನ ಹೇಳಿದೆ ಎಂದೇ ಅವಳ ಲೆಕ್ಕ.

ಆ ವರ್ಷ ಕ್ಲಿಪ್ಪಿಗೆ ಸರ್ಜನ್ನರ ಸಭೆಯಲ್ಲಿ ಪ್ರಶಸ್ತಿ ಬಂತು. ಶಾಲು ಹೊದಿಸಿದಾಗಲೂ ಅವಳಿಗೆ ಸೆಖೆಯಾಯಿತೇ ಹೊರತು ಇನ್ನೇನೂ ಆಗಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಅದೇ ಫ್ಯಾಕ್ಟರಿಯಲ್ಲಿ ಬೆರಳು ತುಂಡಾದ ಸವಿತಾ ಎಂಬ ಹುಡುಗಿಯನ್ನು ಸ್ಟ್ರೆಚರಿನಲ್ಲಿ ಒಳಗೆ ತಂದರು. ಹಿಂದೆಯೇ ದ್ಯಾಮಣ್ಣ, ಈ ಸಲ ಥರ್ಮೋಕೋಲ್ ಡಬ್ಬಿ ಹಿಡಿದುಕೊಂಡು. ಮುಖದಲ್ಲಿ ಗಾಬರಿ ಇರಲಿಲ್ಲ.

“ಹೋದ ಸಲಕ್ಕಿಂತ ಜಾಸ್ತಿ ಐಸ್ ಹಾಕೀನ್ರಿ ಮೇಡಂ. ಬೆರಳು ಅದರಾಗ ಪೂರ್ತಿ ಮುಳುಗೈತಿ. ಹೆಂಗ ತರಬೇಕಂತ ನಮ್ಮ ಲೈನಿನವರಿಗೆಲ್ಲ ನಾನ ಕಲಿಸೀನಿ. ಬಾಜೂ ಫ್ಯಾಕ್ಟರಿಯವರೂ ಬಂದು ಕೇಳಿಕೊಂಡು ಹೋಗ್ಯಾರ.”

ವನಜಾ ಮುಚ್ಚಳ ತೆಗೆದು ನೋಡಿದಳು. ಮತ್ತೆ ಮುಚ್ಚಿದಳು. ಸರಿಯಾಗೇ ತಂದ್ರಿ ಎಂಬ ಮಾತು ಅಭ್ಯಾಸಬಲದಿಂದ ಬಾಯಿಯವರೆಗೆ ಬಂದುಬಿಟ್ಟಿತ್ತು.

“ಕೂತ್ಕೊಳ್ಳಿ ದ್ಯಾಮಣ್ಣ,” ಎಂದಳು. “ಬಸಲಿಂಗನ ಬೆರಳು ಸತ್ತಿದ್ದು ಐಸಿಂದ್ಲೇ.”

ದ್ಯಾಮಣ್ಣ ಕುರ್ಚಿಯ ಕಡೆ ಹೋಗಲಿಲ್ಲ. ಅವಳ ಕೈಯಿಂದ ಡಬ್ಬಿ ಕಸಿದುಕೊಂಡು, ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕೂತು, ಬರಿಗೈಯಲ್ಲೇ ಐಸನ್ನು ಬಾಚಿ ಬಾಚಿ ಹೊರಗೆ ಹಾಕತೊಡಗಿದ.