ಎರಡನೇ ನಂಬರಿನ ಡಿಸ್ಕ್

ಕಳೆದ ತಿಂಗಳು ಕಚೇರಿಯ ಹಳೆಯ ಸಾಮಾನು ಗುಜರಿಗೆ ಹಾಕುವಾಗ ಯಾರೋ ಒಂದು ಕಬ್ಬಿಣದ ಡಬ್ಬಿಗೆ ಕರೆಂಟು ಕೊಟ್ಟು ನೋಡಿದರು. ಒಳಗಿನ ಫ್ಯಾನು ಕರಕರ ತಿರುಗಿತು. ಕಾದ ಧೂಳು, ಇಲಿಯ ಉಚ್ಚೆ ಬೆರೆತ ವಾಸನೆ ಕೋಣೆ ತುಂಬಿತು. ಉಳಿದವರು ಮೂಗು ಮುಚ್ಚಿಕೊಂಡು ನಕ್ಕರು. ಆ ವಾಸನೆಯಲ್ಲಿ ಅಕ್ಕ ಇದ್ದರು... ಸಾಹೇಬರೂ ಇದ್ದರು, ನಾನೂ ಇದ್ದೆ.

ಅಕ್ಕ ಎಂದು ನಾವು ಕರೆಯುತ್ತಿದ್ದುದು ನಮ್ಮ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಿದ್ದವರನ್ನು. ದಿನಾ ಭಾಲ್ಕಿಯಿಂದ ರೈಲಿನಲ್ಲಿ ಬೀದರಕ್ಕೆ ಬಂದು, ಅಲ್ಲಿಂದ ಆಟೋ ಹಿಡಿದು ನೌಬಾದದ ನಮ್ಮ ಕಚೇರಿಗೆ ಬರುತ್ತಿದ್ದರು. ನಾನು ಔರಾದ ತಾಲೂಕಿನ ಚಿಂತಾಕಿಯವನು. ಚಿದ್ರಿಯಲ್ಲಿ ಕೋಣೆ ಮಾಡಿಕೊಂಡು, ಗುತ್ತಿಗೆಯ ಮೇಲೆ ಟೈಪು ಮಾಡುತ್ತಿದ್ದೆ.

ಸತತ ಮೂರನೇ ವರ್ಷ ಮಳೆ ಕೈಕೊಟ್ಟ ಕಾಲವದು. ಔರಾದ ಕಡೆಯ ಎಷ್ಟೋ ಮನೆಗಳಿಗೆ ಬೀಗ ಬಿದ್ದಿತ್ತು, ಜನ ಹೈದರಾಬಾದಿಗೆ, ಪುಣೆಗೆ ದುಡಿಯಲು ಹೋಗಿದ್ದರು. ಊರಲ್ಲಿಲ್ಲವೆಂದು ಅವರ ರೇಷನ್ ಕಾರ್ಡು ರದ್ದಾಗಬಾರದು, ಅದಕ್ಕಾಗಿ ಗುಳೆ ಹೋದವರ ಯಾದಿ, ಅಂದರೆ ಪಟ್ಟಿ, ಮಾಡಿಡಬೇಕು ಎಂದು ಆದೇಶ ಬಂದಿತ್ತು. ಭಾಲ್ಕಿಯ ಯಾದಿ ಪ್ರತಿ ಸೋಮವಾರ ಅಲ್ಲಿಯೇ ತಯಾರಾಗಿ ಬರುತ್ತಿತ್ತು. ಔರಾದದಲ್ಲಿ ಆಗ ಕಂಪ್ಯೂಟರು ಇರಲಿಲ್ಲ. ಅಲ್ಲಿಯ ಅರ್ಜಿಗಳು ಗೋಣಿಚೀಲದಲ್ಲಿ ಬರುತ್ತಿದ್ದವು, ನಾನು ಒಂದೊಂದಾಗಿ ಟೈಪು ಮಾಡುತ್ತಿದ್ದೆ. ತಾಯಿಯ ತಂಗಿ, ನಮ್ಮ ಚಿಗವ್ವನ ಮನೆಯ ಐದು ಹೆಸರುಗಳನ್ನೂ ನಾನೇ ಹೊಡೆದಿದ್ದೆ.

ಬೀದರ, ಭಾಲ್ಕಿ, ಔರಾದಕ್ಕೆ ಒಂದೊಂದರಂತೆ ಮೂರು ಹಳೆಯ ಡಿಸ್ಕುಗಳಿದ್ದವು. ಹೊಸ ಸರ್ವರ್ ಬಂದಾಗ ಇವು ಅದಕ್ಕೆ ನೇರ ಹೊಂದಲಿಲ್ಲವೆಂದು ನಡುವೆ ಈ ಕಬ್ಬಿಣದ ಡಬ್ಬಿ ಕೂಡಿಸಿದ್ದರು. ಅದಕ್ಕೆ ಬ್ರಿಜ್ ಎನ್ನುತ್ತಿದ್ದೆವು. ಸರ್ವರ್‌ಗೆ ಡಿಸ್ಕು ಕಾಣುತ್ತಿರಲಿಲ್ಲ, ಬ್ರಿಜ್ ಕೊಟ್ಟ ನಂಬರು ಮಾತ್ರ ಕಾಣುತ್ತಿತ್ತು. ಬೀದರ ಒಂದು, ಭಾಲ್ಕಿ ಎರಡು, ಔರಾದ ಮೂರು.

ಅಕ್ಕನಿಗೆ ಮೊದಲ ವಾರವೇ ಅದರ ದೋಷ ತಿಳಿಯಿತು. "ತಮ್ಮಾ, ಈ ಡಬ್ಬಿಗಿ ಯಾವ ಡಿಸ್ಕ್ ಯಾರದು ಅಂತ ಗೊತ್ತಿಲ್ಲ" ಎಂದರು. "ಕರೆಂಟ್ ಬಂದ ಮ್ಯಾಲ ಎದ್ದವರಿಗಿ ಸಾಲಾಗಿ ನಂಬರ ಹಂಚ್ತದ. ನಡುವಿನದು ಏಳಲಿಲ್ಲಂದ್ರ ಹಿಂದಿನದು ಮುಂದ ಬಂದು ಕೂಡ್ತದ."

ಪ್ರತಿ ಡಿಸ್ಕಿಗೂ ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ ಸಂಖ್ಯೆ ಇರುತ್ತದೆ. ಆ ಸಂಖ್ಯೆಗೇ ನಂಬರನ್ನು ಕಟ್ಟಿಹಾಕಿದರೆ ಆಗಿತ್ತು, ಅರ್ಧ ತಾಸಿನ ಕೆಲಸ. ಆದರೆ ಡಬ್ಬಿಯ ಪಾಸ್‌ವರ್ಡ್ ಅದನ್ನು ಮಾರಿದ ಕಂಪನಿಯವರ ಹತ್ತಿರವಿತ್ತು, ಅದನ್ನು ಕೇಳಲು ಕಚೇರಿಯ ಮುಖ್ಯಸ್ಥರಾದ ಸಾಹೇಬರ ಸಹಿ ಬೇಕಿತ್ತು. ಅಕ್ಕ ಎರಡು ಸಲ ಬರೆದು ಕೊಟ್ಟರು. ಸಾಹೇಬರು ಸ್ಕೂಟರಿನ ಕೀಲಿಯಿಂದ ಕಿವಿ ಕೆರೆದುಕೊಳ್ಳುತ್ತ ಓದಿದರು. ಕೀಲಿಯ ತುದಿಯನ್ನು ಆ ಕಾಗದದಿಂದಲೇ ಒರೆಸಿ, "ನಡೀಲಿಕತ್ತದಲ್ಲ, ಸುಮ್ನ ಯಾಕ ಕೈ ಹಾಕ್ತೀರಿ" ಎಂದರು.

ಒಂದು ಸೋಮವಾರ ಅಕ್ಕನ ರೈಲು ತಡವಾಗಿತ್ತು. ಬೆಳಿಗ್ಗೆ ಕರೆಂಟು ಹೋಗಿ ಬಂತು. ಭಾಲ್ಕಿಯ ಡಿಸ್ಕು ಏಳಲಿಲ್ಲ. ಔರಾದದ್ದು ಎರಡನೇ ನಂಬರಿಗೆ ಬಂದು ಕೂತಿತು. ಅಕ್ಕ ಬರಲಿ ಎಂದು ನಾನು ಹೇಳಿದೆ. ಸಾಹೇಬರಿಗೆ ಮಧ್ಯಾಹ್ನದ ಊಟದ ಹೊತ್ತಿನೊಳಗೆ ವರದಿ ಕಳಿಸಬೇಕಿತ್ತು, ತಾವೇ ಕುಳಿತು ಭಾಲ್ಕಿಯ ಹೊಸ ಯಾದಿ ಹಾಕಿದರು. ಹೊಸದು ಹಾಕುವ ಮೊದಲು ಎರಡನೇ ನಂಬರಿನಲ್ಲಿದ್ದುದನ್ನೆಲ್ಲ ಅಳಿಸುವುದು ಆ ಪ್ರೋಗ್ರಾಮಿನ ಕ್ರಮ. ಔರಾದದ ಹೆಸರುಗಳೆಲ್ಲ ಹೋದವು.

ಅಕ್ಕ ಬಂದು ನೋಡಿ ನೇರ ಟೇಪಿನ ಕಪಾಟು ತೆರೆದರು. ಯಾದಿಗಳ ಇನ್ನೊಂದು ಪ್ರತಿ ಇಡಬೇಕಾದ ಟೇಪುಗಳನ್ನು ಆ ವರ್ಷ ಕೊಂಡೇ ಇರಲಿಲ್ಲ. ಉಳಿದದ್ದು ಹಿಂದಿನ ವರಾಂಡದ ಗೋಣಿಚೀಲಗಳು. ಬಿಚ್ಚಿದರೆ ಅರ್ಧಕ್ಕರ್ಧ ಗೆದ್ದಲು. ಹುಳಗಳು ಕೈಮೇಲೆ ಹರಿಯುತ್ತಿದ್ದರೂ ಅಕ್ಕ ಹನ್ನೊಂದು ದಿನ ಕುಳಿತು, ಓದಲು ಬಂದ ಅರ್ಜಿಗಳನ್ನೆಲ್ಲ ಬೇರೆ ಮಾಡಿದರು. ಚಿಂತಾಕಿಯ ಚೀಲದಲ್ಲಿ ಮಣ್ಣು ಬಿಟ್ಟರೆ ಏನೂ ಇರಲಿಲ್ಲ.

ಹಾಳಾದ ಹೆಸರುಗಳನ್ನು ಊರೂರಿಗೆ ಹೋಗಿ ಮತ್ತೆ ಬರೆದುಕೊಂಡು ಬರೋಣ ಎಂದು ಅಕ್ಕ ಕೇಳಿದರು. ಸಾಹೇಬರು ಗುಟ್ಕಾ ಉಗುಳಿ ಬಂದು, "ಊರಾಗ ಇಲ್ದವರ ಹೆಸರ ತಗೊಂಡು ಏನ್ ಮಾಡ್ತೀರಿ" ಎಂದರು. ಅವರ ತುಟಿಯ ಮೂಲೆಯಲ್ಲಿ ಕೆಂಪು ನೊರೆ ಇತ್ತು. ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ, ಅಸಹ್ಯ.

ಮರುದಿನ ನನ್ನನ್ನು ಒಳಗೆ ಕರೆದರು. ಟೈಪಾದ ಹಾಳೆ ಸಿದ್ಧವಿತ್ತು. ಅಂದು ಯಾದಿ ಹಾಕಿದವರು ಅಕ್ಕನೇ, ನಾನು ಕಣ್ಣಾರೆ ಕಂಡೆ ಎಂದು ಬರೆದಿತ್ತು. "ನಿಂದು ಕಾಯಂ ಮಾಡೋ ಫೈಲು ನನ್ನ ಟೇಬಲ್ ಮ್ಯಾಲೇ ಅದ" ಎಂದು ಪೆನ್ನು ಮುಂದಿಟ್ಟರು. ನಾನು ಸಹಿ ಮಾಡಿದೆ. ಯೋಚನೆಗೆ ಒಂದು ದಿನವನ್ನೂ ಕೇಳಲಿಲ್ಲ.

ಅಕ್ಕನನ್ನು ಕೆಲಸದಿಂದ ತೆಗೆದರು. ಕೊನೆಯ ದಿನ ಅವರು ಯಾರ ಸಹಿಗೂ ಕಾಯದೆ ಕಂಪನಿಗೆ ಫೋನು ಮಾಡಿ, ಜಗಳವಾಡಿ ಪಾಸ್‌ವರ್ಡ್ ತಗೊಂಡರು. ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ಮೂರೂ ಡಿಸ್ಕುಗಳ ನಂಬರು ಕಟ್ಟಿಹಾಕಿದರು. "ಇನ್ನ ಯಾವುದು ಏಳದಿದ್ರೂ ಅದರ ಜಾಗಾ ಖಾಲಿನೇ ಇರ್ತದ. ಬ್ಯಾರೇದು ಬಂದು ಕೂಡಂಗಿಲ್ಲ. ನೋಡಿ ಕಲ್ಕೋ ತಮ್ಮಾ." ನನ್ನ ಸಹಿಯ ಸುದ್ದಿ ಅವರಿಗೆ ಗೊತ್ತಿತ್ತೋ ಇಲ್ಲವೋ... ಕೇಳುವ ಧೈರ್ಯ ನನಗಿರಲಿಲ್ಲ.

ಮಳೆ ಬಿದ್ದಾಗ ಜನ ಮರಳಿದರು. ಯಾದಿಯಲ್ಲಿ ಹೆಸರಿಲ್ಲದವರ ಕಾರ್ಡು ರದ್ದಾಗಿತ್ತು. ಚಿಗವ್ವ ಕಚೇರಿಗೆ ಬಂದು ಕಿಟಕಿಯಲ್ಲಿ ನನ್ನನ್ನು ಕಂಡು ನಿಂತಳು. "ನಮ್ಮ ಹೆಸರ ನೀನೇ ಬರ್ದೀನಿ ಅಂದಿದ್ದಿ. ಎಲ್ಲಿ ಹೋದ್ವೋ?" ತಪ್ಪು ಕಂಪ್ಯೂಟರಿನದು ಎಂದೆ. ಅವಳು ನಂಬಿದಳು. ಆ ವರ್ಷ ಮತ್ತೆ ಮಕ್ಕಳನ್ನು ಕಟ್ಟಿಕೊಂಡು ಹೈದರಾಬಾದಿಗೆ ಹೋದಳು, ತಿರುಗಿ ಬರಲಿಲ್ಲ.

ಸಾಹೇಬರು ಬಡ್ತಿ ಪಡೆದು, ಹಾರ ಹಾಕಿಸಿಕೊಂಡು ನಿವೃತ್ತರಾದರು. ನಾನು ಕಾಯಂ ಆದೆ. ಈಗ ಅವರ ಕುರ್ಚಿಯಲ್ಲಿ ಕೂಡುತ್ತೇನೆ. ಫೈಲಿನಲ್ಲಿ ಇಂದಿಗೂ ತಪ್ಪು ಅಕ್ಕನದೇ.

ಮೊನ್ನೆ ಭಾನುವಾರ ಎಲ್ಲ ಹೇಳಿಬಿಡಬೇಕೆಂದು ಭಾಲ್ಕಿಗೆ ಹೋದೆ. ಅಕ್ಕ ತೀರಿಕೊಂಡು ಎರಡು ವರ್ಷವಾಯಿತಂತೆ. ನಾನು ಚಿಂತಾಕಿಯವನೆಂದು ಹೇಳಿದ ಕೂಡಲೇ ಅವರ ತಮ್ಮ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದರು.

"ಆಫೀಸಿನವರಂತ ಬಂದವರು ನೀವೊಬ್ರೇ ನೋಡ್ರಿ. ಚಿಂತಾಕಿ ಹುಡುಗ ಭಾಳ ಚಲೋ ಇದ್ದ ಅಂತ ಹೇಳ್ತಿದ್ಳು. ಕೂಡ್ರಿ, ಚಾ ಕುಡ್ದು ಹೋಗ್ರಿ."

ನಾನು ಕೂತೆ. ಹೇಳಬೇಕೆಂದು ಬಾಯಿ ತೆರೆದೆ. ಚಹಾ ಬಂತು, ಕುಡಿದೆ. ಚಲೋ ಆಗಿದೆ ಎಂದೆ.