ಎಡಗೋಲಿನ ಜಾಗ

ಅಂಬಾಸಿಡರ್ ಕಾರಿನ ಎಡಗಡೆ ಬ್ರೇಕ್ ಇರುವುದಿಲ್ಲ. ಆದರೂ ಜತ್ತದಿಂದ ಸಮುದ್ರದ ತನಕ ನಾನು ಅದನ್ನು ತುಳಿಯುತ್ತಲೇ ಹೋದೆ. ಮಿರಜ ದಾಟುವ ಹೊತ್ತಿಗೆ ಬಲಗಾಲಿನ ಮೀನಖಂಡ ಹಿಡಿದುಕೊಂಡು ಕಲ್ಲಾಗಿತ್ತು.

ನಮ್ಮ ಯಜಮಾನರಿಗೆ ಕಾಚಬಿಂದು, ಡಾಕ್ಟರು ಗ್ಲಾಕೋಮಾ ಎನ್ನುತ್ತಾರೆ, ಎರಡೂ ಕಣ್ಣಿಗೆ. ಎದುರಿಗಿದ್ದದ್ದು ಚೊಕ್ಕ ಕಾಣುತ್ತದೆ, ಪೇಪರಿನ ಸಣ್ಣ ಅಕ್ಷರ ಕೂಡ ಓದುತ್ತಾರೆ. ಅಕ್ಕಪಕ್ಕದ್ದು ಮಾತ್ರ ಇಲ್ಲವೇ ಇಲ್ಲ. ಕೊಳವೆಯೊಳಗಿಂದ ನೋಡಿದ ಹಾಗೆ ಎಂದು ಮಿರಜದ ಡಾಕ್ಟರು ತಿಳಿಸಿ ಹೇಳಿದ್ದರು. ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಇದ್ದದ್ದನ್ನು ಕಾಯ್ದುಕೊಳ್ಳಬೇಕು, ಗಾಡಿ ಹೊಡೆಯುವುದನ್ನು ಮಾತ್ರ ಇವತ್ತೇ ಬಿಡಿ ಎಂದೂ ಹೇಳಿದ್ದರು. ಇವರು ಶಾಣ್ಯಾ ಹುಡುಗನ ಹಾಗೆ ತಲೆಯಾಡಿಸಿ ಹೊರಗೆ ಬಂದು, ಜೇಬಿನಿಂದ ಚಾವಿ ತೆಗೆದು, ಆಸ್ಪತ್ರೆಯ ಎದುರಿಗೇ ಸ್ಟೇರಿಂಗ್ ಹಿಡಿದು ಕೂತರು. ನಾನು ದಾರಿಯುದ್ದಕ್ಕೂ ಬೈದೆ. ಬೈದಷ್ಟೂ ಸೀಟಿ ಹೊಡೆಯುತ್ತ ಬಂದರು.

ಹಳೆಯ ಗಾಡಿಗಳ ಹುಚ್ಚರದೊಂದು ಬಳಗ ಇದೆ. ಕೊಲ್ಲಾಪುರ, ಸಾಂಗ್ಲಿ, ಮಿರಜದ ಕಡೆಯವರು. ಜತ್ತ ತಾಲೂಕಿನಿಂದ ನಾವೊಬ್ಬರೇ. ವರ್ಷಕ್ಕೊಮ್ಮೆ ಶನಿವಾರ ಹೊರಟು ಭಾನುವಾರ ಮರಳುವ ಹಾಗೆ ಎಲ್ಲಾದರೂ ಹೋಗುತ್ತಾರೆ. ಈ ಸಲ ಕೊಂಕಣದ ಒಂದು ದ್ವೀಪ. ಸಮುದ್ರ ಒಳನುಗ್ಗಿದ ಖಾಡಿಯ ಆಚೆಗಿರುವ ಆ ದ್ವೀಪಕ್ಕೆ ಗಾಡಿಗಳನ್ನು ಫೆರಿ ಬೋಟಿನ ಮೇಲೆ ಸಾಗಿಸುತ್ತಾರೆ. ಮಾವನವರು ಕೊಂಡ ಗಾಡಿ ನೀರಿನ ಮೇಲೆ ಹೋಗಬೇಕೆಂಬುದು ಇವರ ಬಹಳ ವರ್ಷಗಳ ಆಸೆ.

"ಇದೊಂದ್ಸಲ ಹೋಗಿ ಬರ್ತೀನಿ. ಆಮ್ಯಾಲ ಚಾವಿ ಬಿಡ್ತೀನಿ," ಎಂದರು.

"ಯಾರ ಕೈಯಾಗ ಬಿಡ್ತೀರಿ?"

"ಬಳಗದ ಮುಖಂಡರು ಯಾವತ್ತಿಂದ ಕೇಳಾಕತ್ತಾರಲ್ಲ, ಅವರ ಕೈಯಾಗ. ಚಲೋ ಇಟ್ಕೋತಾರ."

"ಅಲ್ಲೀತನಕ ದಾರ್‍ಯಾಗ ಯಾರನ್ನರ ಬಡದ್ರ?"

"ನೀ ಅದಿಯಲ್ಲ ಬಗಲಾಗ."

ಹೀಗೆ ನನ್ನನ್ನು ಎಡಗೋಲಿಗೆ ಹೂಡಿದರು. ಜೋಡೆತ್ತಿನಲ್ಲಿ ಎಡಕ್ಕೆ ನಡೆಯುವುದನ್ನು ನಮ್ಮಲ್ಲಿ ಎಡಗೋಲೆತ್ತು ಎನ್ನುತ್ತಾರೆ. ಒಂದು ಬದಿಗೆ ರೂಢಿಯಾದ ಎತ್ತನ್ನು ಇನ್ನೊಂದು ಬದಿಗೆ ಹೂಡಿದರೆ ಅದು ಹೆಜ್ಜೆ ಎತ್ತುವುದಿಲ್ಲ, ಕತ್ತು ಕೊಡವಿ ನಿಲ್ಲುತ್ತದೆ. ಬಳಗದಲ್ಲಿ ಯಾರಿಗೂ ಕಣ್ಣಿನ ವಿಷಯ ಗೊತ್ತಾಗಬಾರದೆಂದು ನನ್ನಿಂದ ಮಾತು ತಗೊಂಡಿದ್ದರು. ಇವರ ಹಟ ಗೊತ್ತಿದ್ದೂ ಮಾತು ಕೊಟ್ಟೆನಲ್ಲ ಎಂದು ನನ್ನ ಮೇಲೆಯೇ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಎಡಕ್ಕ ಕುರಿ ಹಿಂಡೈತಿ. ಬಲಕ್ಕ ಬೈಕ್ ಬಂತು. ಎಡಕ್ಕ ಕಬ್ಬಿನ ಟ್ರ್ಯಾಕ್ಟರ್, ಸರೀರಿ, ಸರೀರಿ." ನಸುಕಿನಲ್ಲಿ ಶುರುವಾದದ್ದು ನಿಲ್ಲಲಿಲ್ಲ. ನೀರು ಕುಡಿಯಲೂ ಭಯ. ಬಾಟಲಿ ಎತ್ತಿದ ಗಳಿಗೆಯಲ್ಲೇ ಯಾವುದೋ ಕೂಸು ರಸ್ತೆಗೆ ಓಡಿ ಬಂದರೆ?

ಕೊಲ್ಲಾಪುರದಲ್ಲಿ ಉಳಿದ ಗಾಡಿಗಳು ಕೂಡಿಕೊಂಡವು. ಮುಖಂಡರದು ಮೇಲೆ ಹೊದಿಕೆಯಿಲ್ಲದ ಕೆಂಪು ಜೀಪು. ಬಿಸಿಲು ತಾಳಲಾರದೆ ಅವರ ಹೆಂಡತಿ ಬಂದು ನಮ್ಮ ಹಿಂದಿನ ಸೀಟಿನಲ್ಲಿ ಕೂತರು. ಸ್ವಲ್ಪ ದೂರ ನನ್ನ ಒದರಾಟ ಕೇಳಿದ ಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. ನನ್ನ ಭುಜ ತಟ್ಟಿ ಮರಾಠಿಯಲ್ಲಿ, "ಅಕ್ಕಾ, ಬಾಯಿಗೆ ಸ್ವಲ್ಪ ರಜೆ ಕೊಡಿ. ಪಾಪ, ಅವರನ್ನು ಗಾಡಿ ಹೊಡೆಯಲು ಬಿಡಿ," ಎಂದರು.

"ನೋಡ್ರಿ ವಹಿನಿ, ಇಷ್ಟು ವರ್ಷ ಇದನ್ನ ಕೇಳಿಕೋತ ಬಂದೀನಿ," ಎಂದು ಇವರೂ ಮರಾಠಿಯಲ್ಲಿ ಸೇರಿಸಿದರು. ಇಬ್ಬರೂ ನಕ್ಕರು. ಹೊಟ್ಟೆಯೊಳಗೆ ಬೆಂಕಿ ಬಿದ್ದಿದ್ದರೂ ನಾನೂ ಹಲ್ಲು ಬಿಟ್ಟೆ. ಘಾಟಿನ ತಿರುವುಗಳಲ್ಲಿ ಎಡಕ್ಕೆ ನನ್ನ ಬದಿಯಲ್ಲಿ ಪಾತಾಳ ಕಾಣುತ್ತಿತ್ತು. ಏನು ಚೆಂದದ ಕಾಡು ಎಂದು ಹಿಂದಿನ ಸೀಟಿನಿಂದ ದನಿ ಬರುತ್ತಿತ್ತು. ನಾನು ಕಂಡದ್ದು ರಸ್ತೆಯ ಅಂಚಿನ ಬಿಳಿ ಕಲ್ಲುಗಳನ್ನು ಮಾತ್ರ.

ಖಾಡಿಯ ದಂಡೆ ಮುಟ್ಟಿದಾಗ ಇನ್ನೊಂದು ತಾಪತ್ರಯ ಕಾದಿತ್ತು. ಫೆರಿ ಹತ್ತಿಸುವಾಗ ಗಾಡಿಯೊಳಗೆ ಹೊಡೆಯುವವರು ಒಬ್ಬರೇ ಇರಬೇಕಂತೆ, ಉಳಿದವರು ಇಳಿದು ನಡೆದು ಹತ್ತಬೇಕಂತೆ. ಬೋಟಿನವನು ನನ್ನ ಬಾಗಿಲು ತೆಗೆದು ಹಿಡಿದ.

"ನಾ ಇಳಿಯಂಗಿಲ್ಲ," ಎಂದೆ.

"ಇಳಿ. ಎಲ್ಲಾರೂ ನೋಡಾಕತ್ತಾರ," ಎಂದು ಇವರು ಹಲ್ಲು ಕಚ್ಚಿ ಹೇಳಿದರು.

ಇಳಿದೆ. ಕಬ್ಬಿಣದ ಇಳಿಜಾರು ಹಲಗೆ, ಎರಡೂ ಬದಿಗೆ ಒಂದೊಂದು ಗೇಣು ಜಾಗ, ಕೆಳಗೆ ನೀರು. ತಾಯಿ ದಾನಮ್ಮಾ ಎಂದು, ಅವಳ ಗುಡಿಯಿರುವ ಗುಡ್ಡಾಪುರದ ದಿಕ್ಕು ಯಾವುದೆಂದು ತಿಳಿಯದೆ ಎತ್ತಲೋ ಕೈ ಮುಗಿದೆ. ಗಾಡಿ ಬಾಣದ ಹಾಗೆ ನೆಟ್ಟಗೆ ಹತ್ತಿತು. ಕೊಳವೆಯಲ್ಲಿ ಕಾಣುವುದೇ ನೆಟ್ಟಗಿನದಲ್ಲವೇ. ಆದರೆ ಹತ್ತಿದ ಮೇಲೆ ಬೋಟಿನವನು ಎಡಕ್ಕೆ ನಿಂತು ಸ್ವಲ್ಪ ಮುಂದೆ ಬಾ ಎಂದು ಎಷ್ಟು ಕೈ ಬೀಸಿದರೂ ಇವರಿಗೆ ಕಾಣಲಿಲ್ಲ. ಅವನು ರೇಗಿ ಬಾನೆಟ್ ಬಡಿದು, "ಗಾಡೀ ಕೋಣಾಚೀ?" ಎಂದು ಒದರಿದ. ಯಾರದಪ್ಪಾ ಈ ಗಾಡಿ ಎಂದು.

"ಮಾಝೀ!" ಎಂದರು ಇವರು. ನನ್ನದು. ಕೇಳಿದ್ದು ಬೈಗುಳ ಎಂಬ ಪರಿವೆಯೇ ಇಲ್ಲದೆ ಎದೆಯುಬ್ಬಿಸಿ ಹೇಳಿದರು.

ದ್ವೀಪದಲ್ಲಿ ಎಲ್ಲರೂ ತೆಂಗಿನ ತೋಪಿನೊಳಗೆ ಗಾಡಿ ನಿಲ್ಲಿಸಿದರು. ಇವರಿಗೆ ಆ ಮರಗಳ ನಡುವೆ ನುಗ್ಗುವ ಧೈರ್ಯವಿಲ್ಲ. ತೋಪು ದಾಟಿ ಮರಳಿಗೆ ಇಳಿಸಿ, ಫೋಟೋಕ್ಕೆ ಚಲೋ ಬರುತ್ತದೆಂದು ಸಮುದ್ರದ ಕಡೆ ಮೂತಿ ಮಾಡಿ ನಿಲ್ಲಿಸಿದರು. ನನಗೂ ಅದೇ ಸರಿ ಎನಿಸಿತು. ನೀರು ನಮ್ಮ ಮನೆಯಿಂದ ಬಸ್ ಸ್ಟ್ಯಾಂಡಿನಷ್ಟು ದೂರದಲ್ಲಿತ್ತು. ಮರಳು ಹಸಿಯಿತ್ತು, ಗಟ್ಟಿಯಿತ್ತು. ನನ್ನ ತವರು ಬಿಳೂರಿನ ಒಣ ಹಳ್ಳದಲ್ಲಿ ಗಾಡಿ ನಿಲ್ಲಿಸುವುದು ಹೀಗೆಯೇ. ಮದುವೆಯಿರಲಿ, ಮುಂಜಿಯಿರಲಿ, ಬಂದವರ ಗಾಡಿಗಳೆಲ್ಲ ಹಳ್ಳದ ಉಸುಕಿನಲ್ಲೇ ನಿಲ್ಲಬೇಕು. ಪಡುವಣಕ್ಕೆ ಮೋಡ ಕಂಡರೆ ತೆಗೆದರಾಯಿತು. ಇವರು ಮದುವೆಯ ಹೊಸತರಲ್ಲಿ ನನಗೆ ಗಾಡಿ ಕಲಿಸಿದ್ದೂ ಆ ಹಳ್ಳದಲ್ಲೇ. ಲೈಸನ್ಸ್ ಕೂಡ ಮಾಡಿಸಿಕೊಟ್ಟರು. ಆಮೇಲೆ ಸ್ಟೇರಿಂಗ್ ಅವರ ಕೈ ಬಿಡಲಿಲ್ಲ, ನನಗೆ ಸ್ಕೂಟಿ ಬಂತು.

ನಾವಿಬ್ಬರೂ ಮೋಡ ಇದೆಯೇ ಎಂದು ಆಕಾಶ ನೋಡಿದೆವು. ಒಂದು ಚೂರೂ ಇರಲಿಲ್ಲ. ನಿಶ್ಚಿಂತೆಯಿಂದ ತೋಪಿನೊಳಗೆ ಹೋಗಿ ಮನೆಯಿಂದ ತಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ಅಂದು ಬೆಳಗಿನಿಂದ ನಾನು ಬಾಯಿ ಮುಚ್ಚಿ ಕೂತದ್ದು ಆಗಲೇ.

ಹೊತ್ತು ಇಳಿಯುತ್ತಿತ್ತು. ಯಾರೋ, "ಬಿಳಿ ಗಾಡಿ! ಬಿಳಿ ಗಾಡಿ!" ಎಂದು ಕೂಗಿದರು. ಎದ್ದು ನೋಡಿದರೆ ನಮ್ಮ ಗಾಡಿಯ ಮುಂದಿನ ಗಾಲಿಗಳು ಅರ್ಧ ನೀರಿನಲ್ಲಿದ್ದವು. ಮೋಡವಿಲ್ಲ, ಮಳೆಯಿಲ್ಲ, ಈ ನೀರು ಎಲ್ಲಿಂದ ಬಂತೋ ಶಿವನೇ! ಭರತಿ, ಸಮುದ್ರದ ಉಬ್ಬರ ಎಂಬುದನ್ನು ಶಾಲೆಯಲ್ಲಿ ಓದಿದ್ದೆ. ಅದು ನಮ್ಮ ಗಾಡಿಯ ತನಕ ಬರುತ್ತದೆಂದು ಯಾರು ನೆನೆಸಿದ್ದರು?

ಎಲ್ಲರೂ ಓಡಿದೆವು. ಇವರು ಹಾರಿ ಕೂತು ಗಾಡಿ ಶುರು ಮಾಡಿದರು. ಹಿಂದಿನ ಗಾಲಿಗಳು ಗರ್ರೆಂದು ಸುತ್ತಿ ಮರಳಿಗಿಳಿದವು. ಗಾಲಿಯಡಿ ಹಾಕಲು ಒಬ್ಬೊಬ್ಬರು ತೆಂಗಿನ ಗರಿ ಎಳೆದು ತಂದರು. ಮುಖಂಡರ ಹೆಂಡತಿ ಹಿಂದಿನ ಬಲಗಡೆಯ ಗಾಲಿಯ ಬಗಲಿಗೆ ಬಗ್ಗಿ ಗರಿ ತುರುಕುತ್ತಿದ್ದರು. ಎದ್ದು ಹಿಂದೆ ಸರಿಯಲು ಅವರಿಗೆ ಬಿಡುವೇ ಸಿಗಲಿಲ್ಲ. ಇವರು ಕಿಟಕಿಯಿಂದ ತಲೆ ಹಾಕಿ ಒಮ್ಮೆ ನೆಟ್ಟಗೆ ಹಿಂದೆ ನೋಡಿ, ರಿವರ್ಸ್ ಗೇರು ಹಾಕಿಯೇಬಿಟ್ಟರು.

"ನಿಂದರಸ್ರಿ!" ನನ್ನ ದನಿ ಆ ನಮೂನೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಗಾಡಿ ನಿಂತಿತು. ಗಾಲಿ ಆ ಹೆಂಗಸಿನ ಸೆರಗನ್ನು ಮೆಟ್ಟಿ ನಿಂತಿತ್ತು. ಮುಖಂಡರು ಹೆಂಡತಿಯನ್ನು ಎಬ್ಬಿಸಿ ಎಳೆದುಕೊಂಡು, ಕಿಟಕಿಗೆ ಬಂದು, "ದಿಸತ್ ನಾಹೀ ಕಾ?" ಎಂದು ಅರಚಿದರು. ಕಾಣುವುದಿಲ್ಲವೇನು ನಿನಗೆ?

ಇವರು ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಎಂದೂ ಬಾಗದ ಕತ್ತು ಬಾಗಿತ್ತು.

"ನಾಹೀ," ಎಂದರು. "ದಿಸತ್ ನಾಹೀ."

ಅಲೆ ಬಂದು ಬಂಪರಿಗೆ ಬಡಿಯಿತು. ಇವರು ಆ ಉದ್ದ ಸೀಟಿನಲ್ಲಿ ಕೂತಲ್ಲಿಂದಲೇ ಸರಿದು ಸರಿದು ಎಡದ ಬಾಗಿಲಿಗೆ ಆತು ಕೂತು, ಖಾಲಿ ಜಾಗವನ್ನು ಅಂಗೈಯಿಂದ ಬಡಿದರು.

"ಬಾ. ಹಳ್ಳದಾಗ ಹೊಡೀತಿದ್ದಿಯಲ್ಲ, ಹಂಗ ಹೊಡಿ."

ಮೊಣಕಾಲ ತನಕ ತೊಯ್ದ ಸೀರೆ ಎತ್ತಿ ಕಟ್ಟಿ ಹತ್ತಿದೆ. ಬೆಳಗಿನಿಂದ ಇಲ್ಲದ ಬ್ರೇಕನ್ನು ತುಳಿದ ಕಾಲಿಗೆ ಈಗ ನಿಜವಾದ ಬ್ರೇಕ್ ಸಿಕ್ಕಿತು. ಎಲ್ಲರೂ ದೂರ ಸರಿದದ್ದನ್ನು ಎರಡೆರಡು ಸಲ ನೋಡಿದೆ.

"ಕಾಲು ಹಗರ ಇಡು. ಹಗರ. ಸಿಟ್ಟು ಆಮ್ಯಾಲ ಮಾಡು," ಎಂದರು.

"ನೀವು ಸುಮ್ ಕುಂದ್ರಿ," ಎಂದೆ.

ಉಸುಕಿಗೆ ಜೋರು ಮಾಡಬಾರದು. ಮೊದಲ ದಿನವೇ ಕಲಿಸಿದ್ದರು. ಗರಿಗಳು ಪಟಪಟ ಮುರಿದವು, ಗಾಡಿ ಒಮ್ಮೆ ಹಿಂದೆ ಮುಂದೆ ತೂಗಿತು, ಆಮೇಲೆ ಹಿಂದಕ್ಕೇ ಹತ್ತತೊಡಗಿತು. ಒಣ ಮರಳು ಬರುವ ತನಕ ನಾನು ಉಸಿರು ಬಿಡಲಿಲ್ಲ. ಬಿಟ್ಟ ಕೂಡಲೇ ಅಳು ಬಂತು. ಮುಖಂಡರ ಹೆಂಡತಿ ಹರಿದ ಸೆರಗಿನಲ್ಲೇ ಬಂದು ನನ್ನ ಕೈ ಹಿಡಿದು, "ದಾರಿಯುದ್ದಕ್ಕೂ ಅದಕ್ಕೇ ಮಾತಾಡುತ್ತಿದ್ದಿರಾ ಅಕ್ಕಾ?" ಎಂದು ಕೇಳಿದರು. ನಾನು ತಲೆಯಾಡಿಸಿದೆ.

ಮರುದಿನ ಬೆಳಿಗ್ಗೆ ಇವರು ಮುಖಂಡರ ಎದುರು ಹೋಗಿ ನಿಂತದ್ದನ್ನು ದೂರದಿಂದ ನೋಡಿದೆ. ಕೊಟ್ಟ ಮಾತಿನ ಪ್ರಕಾರ ಚಾವಿ ಅಲ್ಲಿಯೇ ಹೋಗಬೇಕಿತ್ತು. ನನಗೆ ಕೂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹೋದರೆ ಹೋಗಲಿ ಪೀಡೆ ಎಂದು ಇಷ್ಟು ದಿನ ಅಂದವಳು ನಾನೇ. ಈಗ ಆ ಚಾವಿ ಯಾರ ಕೈಗೆ ಹೋಗುತ್ತದೋ ಎಂದು ಅವರ ಕೈಯನ್ನೇ ನೋಡುತ್ತಿದ್ದೆ. ಇಬ್ಬರೂ ಏನೋ ಮಾತಾಡಿದರು. ಇವರು ತಿರುಗಿ ಬಂದು ಚಾವಿಯನ್ನು ನನ್ನ ಅಂಗೈಯಲ್ಲಿಟ್ಟು, "ಘಾಟಿನಾಗ ಲಗೂ ಲಗೂ ಹೊಡೀಬ್ಯಾಡ," ಎಂದಷ್ಟೇ ಹೇಳಿದರು.

ಮನೆಯ ತನಕ ಹೊಡೆಯಲೆಂದು ಕೊಟ್ಟರೋ, ಮತ್ತೇನಕ್ಕೋ ತಿಳಿಯಲಿಲ್ಲ.

ಫೆರಿಯ ಹತ್ತಿರ ಅದೇ ಬೋಟಿನವನು ಎಡದ ಬಾಗಿಲು ತೆಗೆದು ಹಿಡಿದ. ಇವರು ಇಳಿದು, ಹಲಗೆಯನ್ನು ಕಾಲಿನಿಂದ ತಡವುತ್ತ ನಡೆದು ಹೋಗಿ ಕಂಬಿ ಹಿಡಿದು ನಿಂತರು. ನಾನು ಒಬ್ಬಳೇ ಗಾಡಿ ಹತ್ತಿಸಿದೆ. ಹತ್ತಿಸಿ, ಗಾಬರಿಯಲ್ಲಿ ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ಹಿಂದಿನವರು ಹಾರ್ನ್ ಬಡಿದರು. ಬೋಟಿನವನು ಬಾನೆಟ್ ಬಡಿದು, "ಗಾಡೀ ಕೋಣಾಚೀ?" ಎಂದು ಒದರಿದ.

ಇವರು ಕಂಬಿಯ ಹತ್ತಿರದಿಂದ, ಗಾಡಿ ಎತ್ತ ಇದೆಯೆಂದು ಕಾಣದೆ ನೀರಿನ ಕಡೆಗೇ ಮುಖ ಮಾಡಿ, ನಿನ್ನೆಯ ಅದೇ ಎತ್ತರದ ದನಿಯಲ್ಲಿ ಕೂಗಿದರು:

"ಬಾಯ್ಕೋಚೀ!"

ಹೆಂಡತಿಯದು. ಬೋಟಿನವನು ನನ್ನತ್ತ ತಿರುಗಿ, ಕಾಕೂ, ಸ್ವಲ್ಪ ಮುಂದೆ ತಗೊಳ್ಳಿ ಎಂದ. ನಾನು ಒಂದು ಗೇಣು ಮುಂದೆ ತಗೊಂಡೆ.