ಏಳು ಗಂಟೆಯ ವಾಸನೆ

ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟು: "ಒಂಬತ್ತನೇ ತಿಂಗಳಿಗೆ ಅಲ್ಲಿಗೆ ಬರ್ಬೇಕು ಅಂತ ನಂಗೂ ಆಸೆ ಇದೆ ಕಣೇ. ಆದ್ರೆ ಆ ರೂಮಲ್ಲಿ ಸಿಗರೇಟ್ ವಾಸನೆ ಇದ್ರೆ ಬರಲ್ಲ. ಬಾಣಂತನ ಇಲ್ಲೇ ಅತ್ತೆ ಮನೇಲಿ ಆಗ್ಲಿ. ಅಮ್ಮನ್ನ ಕೇಳಿದ್ರೆ ವಾಸನೆ ಇಲ್ಲ ಅಂತಾಳೆ. ಅಪ್ಪನ್ನ ಕೇಳಿದ್ರಂತೂ ಯಾವತ್ತೂ ಇರ್ಲೇ ಇಲ್ಲ ಅಂತಾರೆ. ನೀನು ಮೂಸಿ ಹೇಳು. ನೀನು ಯಾರನ್ನೂ ನಂಬಲ್ಲ, ಅದಕ್ಕೇ ನಿನ್ನ ನಂಬ್ತೀನಿ."

ಇದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ. ನಾನಾಗ ಕಾನೂನು ಕಾಲೇಜಿನ ಮೂರನೇ ವರ್ಷದಲ್ಲಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಒಂದೇ ವಿಷಯದ ಮೇಲೆ ಒಂದೂರಿನಲ್ಲಿ ಪರವಾಗಿ, ಇನ್ನೊಂದೂರಿನಲ್ಲಿ ವಿರೋಧವಾಗಿ ಮಾತಾಡಿ ಎರಡೂ ಕಡೆ ಬಹುಮಾನ ತಂದವಳು. ಮೂಗೂ ನನ್ನದೇ, ತೀರ್ಪೂ ನನ್ನದೇ ಎಂದರೆ ಯಾರಿಗೆ ಬೇಡ?

ಬೆಂಗಳೂರಿನ ಶ್ರೀನಗರದ ನಮ್ಮ ಮನೆಯಲ್ಲಿ ಬಾಣಂತಿಗೆ ಒಪ್ಪುವುದು ಮುಂದಿನ ಕೋಣೆ ಒಂದೇ. ಬಚ್ಚಲು ಅದಕ್ಕೇ ಅಂಟಿಕೊಂಡಿದೆ, ಅಡುಗೆಮನೆಯಿಂದ ಬಿಸಿನೀರು ಒಯ್ಯಲು ನಾಲ್ಕೇ ಹೆಜ್ಜೆ. ಆದರೆ ಅಪ್ಪ ಮೂವತ್ತು ವರ್ಷ ಕೂತು ಸೇದಿದ್ದೂ ಅಲ್ಲೇ. ಅವರಿಗೆ ಜಯನಗರದಲ್ಲಿ ಮ್ಯಾಚಿಂಗ್ ಸೆಂಟರ್ ಇದೆ. ಸೀರೆಗೆ ಫಾಲ್ಸು, ರವಿಕೆ ಬಟ್ಟೆ, ಲೈನಿಂಗು. ಅಲ್ಲಿ ಅವರು ಒಂದು ದಿನವೂ ಬೆಂಕಿಕಡ್ಡಿ ಗೀರಿದವರಲ್ಲ. ಬಟ್ಟೆ ವಾಸನೆಯನ್ನು ಹಿಡಿದಷ್ಟು ಬೇಗ ಇನ್ನಾವುದೂ ಹಿಡಿಯುವುದಿಲ್ಲ. ಹೊಗೆ ನಾತದ ರವಿಕೆ ಬಟ್ಟೆ ಯಾವ ಹೆಂಗಸು ಕೊಂಡಾಳು? ಹೀಗೆ ಗಿರಾಕಿಗಳ ಮೂಗಿಗೆ ತೋರಿಸಿದ ಮರ್ಯಾದೆಯ ಭಾರವೆಲ್ಲ ಮನೆಯ ಮೇಲೆ ಬಿತ್ತು. ಚಿಕ್ಕಂದಿನಲ್ಲಿ ಅಕ್ಕನಿಗೆ ಸಂಜೆಯಾದರೆ ಎದೆ ಸುಯ್ಯೆನ್ನುತ್ತಿತ್ತು. ಅಮ್ಮ ಅವಳನ್ನು ಅಡುಗೆಮನೆಯಲ್ಲಿ ಚಾಪೆ ಹಾಸಿ ಮಲಗಿಸುತ್ತಿದ್ದಳು. ಆಗ ಯಾರೂ ಅದಕ್ಕೂ ಸಿಗರೇಟಿಗೂ ಗಂಟು ಹಾಕಲಿಲ್ಲ. ಧೂಳು ಎಂದರು, ಶೀತ ಎಂದರು, ಬೆಂಗಳೂರಿನ ಹವೆ ಎಂದರು.

ಅಕ್ಕ ಬಸುರಿ ಎಂಬ ಸುದ್ದಿ ಬಂದ ಮೇಲೆ ಒಂದು ದಿನ ಅಪ್ಪ, "ಬಿಟ್ಟೆ" ಎಂದರು. ಜೇಬಿನಲ್ಲಿ ಏಲಕ್ಕಿ, ಲವಂಗ ಇಟ್ಟುಕೊಂಡು ಓಡಾಡತೊಡಗಿದರು. ಹಾಗೆ ಮೂರು ತಿಂಗಳಾಗಿತ್ತು. ಅಮ್ಮ ನಂಬಿದಳು. ನಾನು ಕಾದು ನೋಡೋಣ ಅಂದೆ.

ಮೊದಲು ಗೋಡೆ. ಜರಗನಹಳ್ಳಿಯಿಂದ ಬಂದ ಪೇಂಟರ್ ಹೆಬ್ಬೆರಳಲ್ಲಿ ಗೋಡೆ ಉಜ್ಜಿ, ಬೆರಳನ್ನು ನನ್ನ ಮುಖಕ್ಕೆ ಹಿಡಿದ.

"ಮೇಡಂ, ಇದರ ಮೇಲೆ ಎಷ್ಟು ಕೋಟ್ ಹೊಡೆದ್ರೂ ಹಳದಿ ಈಚೆ ಬರುತ್ತೆ. ಮೊದ್ಲು ತೊಳೀಬೇಕು. ಆಮೇಲೆ ಆಯಿಲ್ ಪ್ರೈಮರ್. ಆಮೇಲೆ ಬಣ್ಣ."

"ಅಷ್ಟು ಖಾತ್ರಿಯಾಗಿ ಹೇಗೆ ಹೇಳ್ತೀರ?"

"ಬಾರ್‌ಗಳಿಗೆ ಪೇಂಟ್ ಮಾಡಿದೀನಿ ಮೇಡಂ."



ನಾನೂ ಅಮ್ಮನೂ ಬಿಸಿನೀರಿಗೆ ವಾಷಿಂಗ್ ಸೋಡ ಕಲಸಿ ಗೋಡೆ ತೊಳೆದೆವು. ಕ್ಯಾಲೆಂಡರ್ ತೆಗೆದ ಜಾಗದಲ್ಲಿ ಬಿಳಿಯ ಚೌಕ ಉಳಿದಿತ್ತು. ಆ ಗೋಡೆ ಒಂದು ಕಾಲಕ್ಕೆ ಬಿಳಿ ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಬಟ್ಟೆ ಆಡಿಸಿದಲ್ಲೆಲ್ಲ ಕಂದು ನೀರು ಗೆರೆಗೆರೆಯಾಗಿ ಇಳಿದು ಬಕೆಟ್ಟಿಗೆ ಬಿತ್ತು. ಅಪ್ಪ ಬಾಗಿಲಲ್ಲಿ ನಿಂತು ಬಕೆಟ್ಟಿನೊಳಗೆ ಇಣುಕಿದರು. ಬಣ್ಣ ಕಂಡರೆ ಹೆಸರಿಡದೆ ಇರಲಾರದ ಮನುಷ್ಯ.

"ಕಾಫಿ ಬ್ರೌನ್ ಅಲ್ಲ ಇದು. ಮೆಹಂದಿಗಿಂತ ಒಂದು ಶೇಡ್ ಕೆಂಪು," ಅಂದರು. ಅಲ್ಲಿಂದ ಮುಂದೆ ಪ್ರತಿ ಬಕೆಟ್ಟನ್ನೂ ಅವರೇ ಹೊತ್ತೊಯ್ದು ಚೆಲ್ಲಿ ಬಂದರು.

ಪರದೆಗಳು ಎರಡು ಸಲ ಒಗೆತಕ್ಕೆ ಹೋದವು. ಹತ್ತಿ ಹಾಸಿಗೆಯನ್ನು ಕೊಟ್ಟುಬಿಟ್ಟೆವು. ಫ್ಯಾನಿನ ರೆಕ್ಕೆ, ಸ್ವಿಚ್ಚು, ಕಿಟಕಿ ಸರಳು, ಬೀರುವಿನ ಹಿಂಬದಿ ಎಲ್ಲ ಉಜ್ಜಿದೆ. ಮಹಡಿ ಮನೆಯ ಆಂಟಿ ಈರುಳ್ಳಿ ಕೊಯ್ದಿಡಿ ಎಂದರು. ಇಟ್ಟೆವು, ಮನೆಯೆಲ್ಲ ಈರುಳ್ಳಿ ನಾರಿತು. ಅಮ್ಮನಿಗೆ ನಂಬಿಕೆ ಇದ್ದದ್ದು ಸಾಂಬ್ರಾಣಿಯಲ್ಲಿ.

"ಹೊಗೆಗೆ ಹೊಗೆ ಮದ್ದೇನಮ್ಮ?"

"ಇದು ದೇವರ ಹೊಗೆ."

"ಶ್ವಾಸಕೋಶಕ್ಕೆ ಆ ವ್ಯತ್ಯಾಸ ಗೊತ್ತಾಗಲ್ಲ."

"ನಿನಗೆ ಸ್ನಾನ ಮಾಡ್ಸಿ ಮೂರು ತಿಂಗಳು ಇದೇ ಹೊಗೆ ಹಾಕಿದ್ದು. ಸ್ವಲ್ಪ ಕಮ್ಮಿ ಹಾಕಿದ್ರೆ ಬಾಯಿ ಇಷ್ಟು ಬರ್ತಿರಲಿಲ್ವೇನೋ."

ಆದರೂ ಸಾಂಬ್ರಾಣಿಯನ್ನು ನಿಲ್ಲಿಸಿದೆ. ಸಾಕ್ಷ್ಯ ಕಲಬೆರಕೆಯಾಗಬಾರದು.

ಬಣ್ಣ ಹೊಡೆದು, ವಾರವಿಡೀ ಕಿಟಕಿ ತೆರೆದಿಟ್ಟ ಮೇಲೆ ಪೇಂಟಿನ ವಾಸನೆ ಇಳಿಯಿತು. ಬೆಳಿಗ್ಗೆ ಹೋಗಿ ಮೂಸಿದೆ: ಏನೂ ಇಲ್ಲ. ಮಧ್ಯಾಹ್ನ: ಏನೂ ಇಲ್ಲ. ಒಂದು ವಾರ ಬಿಟ್ಟು ಬರುವ ಸೋಮವಾರ ಅಕ್ಕನನ್ನು ಕರೆತರುವುದೆಂದು ಅಮ್ಮ ನಿಶ್ಚಯಿಸಿಯೂ ಬಿಟ್ಟಳು. ಅದೇ ಸಂಜೆ ಏಳರ ಹೊತ್ತಿಗೆ ಆ ಕೋಣೆ ದಾಟುವಾಗ ಗಕ್ಕನೆ ನಿಂತೆ. ತೆಳ್ಳಗೆ, ಹಳಸಲು, ಸಂಶಯಕ್ಕೆ ಎಡೆಯಿಲ್ಲದಂತೆ, ಅದೇ ವಾಸನೆ. ಒಳಗೆ ಅಪ್ಪ ಎಂದಿನಂತೆ ಮೇಜಿನ ಮುಂದೆ ಕೂತು, ತಮ್ಮ ದೀಪದ ಕೆಳಗೆ ಬಟ್ಟೆಯ ತುಂಡುಗಳನ್ನು ಹೊಂದಿಸುತ್ತಿದ್ದರು.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಪುಸ್ತಕ ತೆಗೆದರೆ ಎರಡು ಪುಟಕ್ಕೆ ಎದ್ದು ಹೋಗಿ ಕೋಣೆ ಮೂಸಿ ಬರುವುದು. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿದೆ: ಹೊತ್ತು, ಕಿಟಕಿ ತೆರೆದಿತ್ತೋ ಮುಚ್ಚಿತ್ತೋ, ಮನೆಯಲ್ಲಿ ಯಾರಿದ್ದರು, ವಾಸನೆ ಉಂಟೋ ಇಲ್ಲವೋ. ಗೋಡೆಗೆ ಮೂಗು ಹಚ್ಚಿ ನಿಂತ ನನ್ನನ್ನು ಮನೆಗೆಲಸದ ಹೆಂಗಸು ಒಂದು ಬೆಳಿಗ್ಗೆ ನೋಡಿ, ಪೊರಕೆ ತಗೊಂಡು ಬೇರೆ ಕೋಣೆಗೆ ಹೋದಳು. ಐದು ದಿನದ ಪಟ್ಟಿ ಒಂದೇ ಮಾತು ಹೇಳುತ್ತಿತ್ತು. ಹಗಲು ಇಲ್ಲ. ಅಪ್ಪ ಅಂಗಡಿಯಿಂದ ಬಂದು ಕೋಣೆ ಹೊಕ್ಕ ಅರ್ಧ ಗಂಟೆಯೊಳಗೆ ಉಂಟು. ಭಾನುವಾರ ಅವರು ಮದುವೆಗೆಂದು ತುಮಕೂರಿಗೆ ಹೋಗಿದ್ದರು. ಅವತ್ತು ಇಡೀ ದಿನ ಇಲ್ಲ.

ಇನ್ನೇನು ಬೇಕು? ಗುರುವಾರ ಊಟಕ್ಕೆ ಕೂತಾಗ ನೋಟ್‌ಬುಕ್ಕನ್ನು ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟೆ.

"ಏನಮ್ಮ ಇದು?"

"ನೀವು ಸೇದ್ತಾ ಇದೀರ ಅನ್ನೋದಕ್ಕೆ ಪುರಾವೆ."

ಅಮ್ಮನ ಸೌಟು ಸಾರಿನ ಪಾತ್ರೆಯಲ್ಲೇ ನಿಂತಿತು. ಅಪ್ಪ ಕನ್ನಡಕ ಸರಿಮಾಡಿಕೊಂಡು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು.

"ನಾನು ಸೇದಿಲ್ಲ ಕಣಮ್ಮ."

"ಮತ್ತೆ ವಾಸನೆ ಎಲ್ಲಿಂದ ಬರುತ್ತೆ?"

"ನಂಗೇನು ಗೊತ್ತು? ನನ್ನ ಮೂಗಿಗೆ ಏನೂ ಬರ್ತಿಲ್ಲ."

"ಅದೇ ಹೇಳಿದ್ದು. ಸೇದೋರಿಗೆ ಗೊತ್ತಾಗಲ್ಲ."

"ಸೇದಿದ್ರೆ ಸೇದಿದೆ ಅಂತಿದ್ದೆ. ಮೂವತ್ತು ವರ್ಷ ಯಾರಿಗಾದ್ರೂ ಬಚ್ಚಿಟ್ಟಿದೀನಾ?"

"ಇಷ್ಟು ದಿನ ಬಚ್ಚಿಡೋಕೆ ಕಾರಣ ಇರ್ಲಿಲ್ಲ. ಈಗ ಇದೆ."

ಇದು ಒಳ್ಳೆಯ ಉತ್ತರವೆಂದು ಹೇಳುವಾಗಲೇ ನನಗೆ ಅನ್ನಿಸಿತ್ತು. ಅಪ್ಪನ ಕೈ ಅಂಗಿಯ ಮೇಲಿನಿಂದಲೇ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ಬಾಯಿ ತೆರೆದರು. ಆಮೇಲೆ ಕೈ ಇಳಿಸಿದರು.

"ಬೇಡ. ಆಣೆ ಮಾಡಿದ್ರೂ ನೀನು ನಂಬಲ್ಲ."

"ಆಣೆ ಪುರಾವೆ ಆಗಲ್ಲಪ್ಪ," ಅಂದೆ.

ಅವರು ಮಜ್ಜಿಗೆ ಅನ್ನ ಕಲಸಿದ್ದರು. ಪೂರ್ತಿ ಉಂಡರು. ತಟ್ಟೆ ತೊಳೆದಿಟ್ಟು ಹೋದರು. ಅವರು ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ, ಬರಬೇಡ ಎಂದೆ. ಅವಳು, "ಸರಿ ಬಿಡು," ಎಂದಳು. ಆ ಎರಡು ಪದದಲ್ಲಿ ಅಳು ಇತ್ತೋ ಏನೋ, ನಾನು ಹೆಚ್ಚು ಕೇಳಿಸಿಕೊಳ್ಳಲಿಲ್ಲ. ಬಾಣಂತಿಯ ಕೋಣೆಗೆಂದು ತಂದ ಹಳೆಯ ಸೀರೆಗಳನ್ನು ಅಮ್ಮ ಮಡಿಸಿ ಪೆಟ್ಟಿಗೆಗೆ ಹಾಕಿದಳು.

ಆ ಸಂಜೆ ಅಪ್ಪ, ಬರುವುದು ತಡವಾಗುತ್ತದೆ ಎಂದು ಫೋನ್ ಮಾಡಿದರು. ಅಮ್ಮನ ಮುಖ ನೋಡಲಾರದೆ ನಾನು ಮನೆಯಲ್ಲಿ ಶತಪಥ ಹಾಕುತ್ತಿದ್ದೆ. ಗೆದ್ದ ಮೇಲೂ ಈ ತಳಮಳ ಯಾಕೆ? ಪುರಾವೆಯೆಲ್ಲ ಸಾಂದರ್ಭಿಕ, ಅದಕ್ಕೇ ಇರಬೇಕು ಎಂದುಕೊಂಡೆ. ಒಂದು ಪ್ಯಾಕೆಟ್ಟು ಕೈಗೆ ಸಿಕ್ಕರೆ ಎಲ್ಲರ ಬಾಯಿ ಮುಚ್ಚುತ್ತದೆ. ಹೋಗಿ ಅಪ್ಪನ ಮೇಜಿನ ಡ್ರಾಯರ್ ಎಳೆದೆ. ಒಳಗೆ ಕತ್ತಲೆ. ಮೇಜಿನ ಮೇಲಿನ ದೀಪ ಹಾಕಿದೆ.

ಆ ದೀಪದ ಬಗ್ಗೆ ಒಂದು ಮಾತು ಹೇಳಬೇಕು. ಟ್ಯೂಬ್‌ಲೈಟಿನಲ್ಲಿ ಒಂದಾಗಿ ಕಂಡ ಎರಡು ಬಣ್ಣ ಕಲ್ಯಾಣ ಮಂಟಪದ ಹಳದಿ ಬೆಳಕಿನಲ್ಲಿ ಬೇರೆ ಬೇರೆ ಕಾಣುತ್ತವೆ. ಹಾಗಾಗಿ ಮದುವೆ ಸೀರೆಗೆ ರವಿಕೆ ಹೊಂದಿಸುವಾಗ ಅಪ್ಪ ತುಂಡನ್ನು ಮನೆಗೆ ತಂದು, ಹಳೆಯ ಕಾಲದ ತಂತಿ ಬಲ್ಬಿನ ಕೆಳಗೆ ಇನ್ನೊಮ್ಮೆ ನೋಡುವರು. ದೀಪಕ್ಕೆ, ಬಲ್ಬಿನ ಸುತ್ತ, ಬಟ್ಟೆಯ ಕೊಡೆ ಉಂಟು. ಅವರದೇ ಅಂಗಡಿಯ ಲೈನಿಂಗ್ ಬಟ್ಟೆಯಲ್ಲಿ ಅಮ್ಮ ಹೊಲಿದದ್ದು.

ಡ್ರಾಯರಿನಲ್ಲಿ ಶೇಡ್ ಕಾರ್ಡುಗಳಿದ್ದವು, ಗುಂಡಿಗಳು, ಟೇಪು, ಏಲಕ್ಕಿಯ ಡಬ್ಬಿ. ಇನ್ನೊಂದು ಡ್ರಾಯರಿನಲ್ಲಿ ಲವಂಗದ ಪೊಟ್ಟಣ, ಮತ್ತೆ ಏಲಕ್ಕಿ ಸಿಪ್ಪೆ, ಕಾಗದದಲ್ಲಿ ಸುತ್ತಿಟ್ಟ ರಾಶಿ ಸಿಪ್ಪೆ. ಸಿಗರೇಟಿಲ್ಲ. ಕೈ ಹಾಕಿ ಹುಡುಕುತ್ತಲೇ ಇದ್ದೆ. ಹತ್ತು ನಿಮಿಷ ಕಳೆದಿರಬೇಕು. ವಾಸನೆ ಬಂತು.

ಅಪ್ಪ ಬಂದರು ಎಂದೇ ತಿಳಿದು ಡ್ರಾಯರ್ ಮುಚ್ಚಿದೆ. ಗೇಟಿನಲ್ಲಿ ಯಾರೂ ಇಲ್ಲ. ಕಿಟಕಿಯಾಚೆ ರಸ್ತೆಯಲ್ಲಿ ಯಾರೂ ಇಲ್ಲ.

"ಅಪ್ಪ ಬಂದ್ರಾ?" ಒಳಗಿನಿಂದ ಅಮ್ಮ ಕೇಳಿದಳು. ಅವಳ ಮೂಗಿಗೂ ಬಡಿದಿತ್ತು.

ನಾನು ತಿರುಗಿ ದೀಪವನ್ನು ನೋಡಿದೆ. ಕೊಡೆಯ ಬಟ್ಟೆ ಕೈಗೆ ಬಿಸಿ ತಾಗಿತು. ಬೆರಳು ಮೂಸಿದೆ. ದೀಪ ಆರಿಸಿದೆ, ಕಿಟಕಿ ತೆರೆದೆ, ವಾಸನೆ ಹೋಗುವವರೆಗೆ ಅಮ್ಮನನ್ನೂ ನಿಲ್ಲಿಸಿಕೊಂಡು ಕಾದೆ, ಮತ್ತೆ ಹಾಕಿದೆ. ಬಲ್ಬು ಕಾದಂತೆ ಮೂವತ್ತು ವರ್ಷದ ಹೊಗೆ ಬಟ್ಟೆಯಿಂದ ಮೆಲ್ಲನೆ ಎದ್ದು ಬಂತು. ಇಡೀ ಕೋಣೆ ನಾರುತ್ತಿದ್ದಾಗ ಇದೊಂದರ ನಾತ ಯಾರಿಗೆ ಗೊತ್ತಾಗಬೇಕಿತ್ತು? ಪೇಂಟಿನ ದಿನ ಅಮ್ಮ ಅದನ್ನು ಪೇಪರಿನಲ್ಲಿ ಸುತ್ತಿ ಎತ್ತಿಟ್ಟು, ಮುಗಿದ ಮೇಲೆ ಹಾಗೇ ತಂದಿಟ್ಟಿದ್ದಳು. ನನ್ನ ಪಟ್ಟಿಯಲ್ಲಿ ಮನೆಯ ಜನರೆಲ್ಲ ಇದ್ದರು. ದೀಪ ಇರಲಿಲ್ಲ. ಒಂದರ ಹಿಂದೆ ಇನ್ನೊಂದು ಬಂದರೆ ಮೊದಲನೆಯದೇ ಕಾರಣವಲ್ಲ ಎಂದು ಎದುರು ತಂಡದವರಿಗೆ ನಾನು ಎಷ್ಟು ಸಲ ಪಾಠ ಹೇಳಿಲ್ಲ!

"ಇದನ್ನೂ ಬರ್ಕೋ ನಿನ್ನ ಬುಕ್ಕಲ್ಲಿ," ಎಂದಳು ಅಮ್ಮ.

ಅಪ್ಪ ಬಂದಾಗ ನಾನು ಗೇಟಿನಲ್ಲೇ ನಿಂತಿದ್ದೆ. ಮಾತು ಸಿದ್ಧವಾಗಿತ್ತು. ಅವರು ಹತ್ತಿರ ಬಂದದ್ದೇ ತಡ, ಮೂಗಿಗೆ ಬಡಿಯಿತು. ಈ ಸಲ ವಾಸನೆ ಹಳಸಲಲ್ಲ, ಹೊಸದು. ಅವರ ಅಂಗಿಯಿಂದ ಬರುತ್ತಿತ್ತು.

"ಮೂಸಬೇಡ, ನಾನೇ ಹೇಳ್ತೀನಿ," ಅಂದರು. "ಒಂದು ಸೇದಿದೆ. ಅಂಗಡಿ ಬಾಗಿಲು ಹಾಕಿ, ಸರ್ಕಲ್ ಹತ್ರ ನಿಂತು. ಹೆಂಗೂ ಹೆಸರು ಬಂದಾಯ್ತಲ್ಲ ಅಂತ."

"ಅಪ್ಪ, ಅದು ದೀಪದಿಂದ..." ಅಂದೆ. ಮುಂದಿನದನ್ನು ಅಮ್ಮ ಹೇಳಿದಳು. ಅಪ್ಪ ಕೋಣೆಗೆ ಹೋಗಿ ದೀಪ ಹಾಕಿ, ಕೊಡೆಯ ಮೇಲೆ ಬಗ್ಗಿ, ಬಹಳ ಹೊತ್ತು ಮೂಸಿದರು.

"ಹೌದು ಕಣೇ. ಬರ್ತಿದೆ," ಎಂದು ಅಮ್ಮನಿಗೆ ಹೇಳಿದರು. ಮೂರು ತಿಂಗಳಿಗೆ ಅವರ ಮೂಗು ಅಷ್ಟು ಮರಳಿತ್ತು.

"ಇವತ್ತು ಸೇದಿದ್ದು ಚೆನ್ನಾಗಿತ್ತಾ?" ಅಮ್ಮ ಚುಚ್ಚಿದಳು.

"ಇಲ್ಲ. ತಲೆ ಸುತ್ತಿತು. ಎಳನೀರು ಕುಡಿದು ಬಂದೆ."

ನಗು ಬರಬೇಕಿತ್ತು, ಬರಲಿಲ್ಲ. ತಪ್ಪಾಯ್ತು ಎಂದೆ. ಅವರು ತಲೆಯಾಡಿಸಿದರು, ಅಷ್ಟೇ. ಇನ್ನು ಅಕ್ಕನಿಗೆ ಏನು ಹೇಳುವುದು? ಬೆಳಿಗ್ಗೆ ನಾನು ಹೇಳಿದ್ದು ಸುಳ್ಳಾಗಿತ್ತು, ಸಂಜೆಗೆ ನಾನೇ ಅದನ್ನು ನಿಜ ಮಾಡಿದ್ದೆ. ಫೋನ್ ಸ್ಪೀಕರಿಗೆ ಹಾಕಿ ಎಲ್ಲ ಹೇಳಿದೆ: ದೀಪ, ಪಟ್ಟಿ, ಊಟದ ಹೊತ್ತಿನ ಮಾತು. ಅಪ್ಪನ ವಿಷಯಕ್ಕೆ ಬಂದಾಗ ತೊದಲಿದೆ. ಅಪ್ಪ ಕೈ ಚಾಚಿ ಫೋನ್ ತಗೊಂಡರು.

"ನಿನ್ನೆವರೆಗೂ ಸೇದಿರ್ಲಿಲ್ಲಮ್ಮ. ಇವತ್ತು ಒಂದು ಸೇದಿದೆ. ತಂಗಿ ಅಂದಿದ್ದಕ್ಕೆ ಸೇದಿದೆ ಅನ್ನಲ್ಲ. ಸೇದಿದ್ದು ನಾನು."



"ಇನ್ನೊಂದು ವಾರ ನೋಡೋಣಪ್ಪ," ಎಂದಳು ಅಕ್ಕ. "ಮುಂದಿನ ಸೋಮವಾರದ್ದು ಬೇಡ, ಅದರ ಮುಂದಿಂದು. ಹಿಂದಿನ ದಿನ ನೀವೇ ಫೋನ್ ಮಾಡಿ ಹೇಳಿ. ಅವಳಲ್ಲ, ನೀವು. ಈಗ ಹೇಳಿದ ಹಾಗೇ ಹೇಳಿ. ನಂಬ್ತೀನಿ."

ದೀಪದ ಕೊಡೆಯನ್ನು ನಾನೇ ಬಿಚ್ಚಿ ಕಸಕ್ಕೆ ಹಾಕಿದೆ. ಆಮೇಲಿನ ಒಂಬತ್ತು ಸಂಜೆಗಳಷ್ಟು ಉದ್ದದ ಸಂಜೆಗಳನ್ನು ನಾನು ಕಂಡಿಲ್ಲ. ಅಪ್ಪ ಗೇಟು ತೆಗೆಯುವ ಸದ್ದಾದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದೆ, ಅವರು ಕೈಕಾಲು ತೊಳೆದು ಬಟ್ಟೆ ಬದಲಿಸುವವರೆಗೆ ಅಲ್ಲೇ ಸುತ್ತುತ್ತಿದ್ದೆ. ಕೇಳುವಂತಿಲ್ಲ, ಮೂಸುವಂತಿಲ್ಲ, ಗೊತ್ತು ಮಾಡಿಕೊಳ್ಳುವ ದಾರಿ ಇದ್ದೂ ಬಿಡಬೇಕು. ಒಂದು ದಿನ ಅವರು ಬಾಗಿಲಿಗೆ ಬಂದು, "ಸೊಳ್ಳೆ ಕಡಿಯುತ್ತೆ, ಒಳಗೆ ಬಾ," ಎಂದರು. ಉಸಿರು ಬಿಗಿಹಿಡಿದು ಅವರನ್ನು ದಾಟಿ ಹೋದೆ.

ಹೇಳಿದ ಭಾನುವಾರ ಅಪ್ಪ ಕುರ್ಚಿ ಎಳೆದುಕೊಂಡು, ನಂಬರನ್ನು ತಾವೇ ಒತ್ತಿದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಅವರು ಏನು ಹೇಳುತ್ತಾರೆಂದು ನನಗೆ ನಿಜಕ್ಕೂ ಗೊತ್ತಿರಲಿಲ್ಲ.

"ಇಲ್ಲಮ್ಮ," ಅಂದರು. "ಒಂದೂ ಇಲ್ಲ."

ಸ್ವಲ್ಪ ಹೊತ್ತು ಆಲಿಸಿ, ಫೋನ್ ಇಟ್ಟು, "ನಾಳೆ ಒಂಬತ್ತಕ್ಕೆ ರಾಹುಕಾಲ ಮುಗಿಯುತ್ತೆ, ಒಂಬತ್ತೂವರೆಗೆ ಹೊರಡ್ತಾಳಂತೆ," ಎಂದರು. ಅಮ್ಮ ಪೆಟ್ಟಿಗೆಯಿಂದ ಸೀರೆಗಳನ್ನು ತೆಗೆಯಲು ಹೋದಳು. ನಾನೂ ಹಿಂದೆ ಹೋಗಿ ಒಂದು ಅಂಚು ಹಿಡಿದುಕೊಂಡೆ.